ಊರ ಶಾಲೆಯನ್ನು ಪ್ರೀತಿಯಿಂದ ಮುಚ್ಚುವ ವಿಧಾನ

ಶಾಲೆ ಮುಚ್ಚುವುದು ಸರ್ಕಾರದ ಕೆಲಸ ಎಂದು ಸುಮ್ಮನೆ ಕೂರಬೇಡಿ. ಸರ್ಕಾರಕ್ಕೆ ನೂರೆಂಟು ತಾಪತ್ರಯ. ನಿಮ್ಮೂರಿನ ಕಿರಿಯ ಪ್ರಾಥಮಿಕ ಶಾಲೆ, ಅದೇ, ಎರಡು ಕೋಣೆ, ಒಂದು ಜಗಲಿ, ಮುಂದೆ ಧ್ವಜಸ್ತಂಭ, ಹಿಂದೆ ಅಡುಗೆಕೋಣೆ ಇರುವುದು, ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಊರಿನ ವಿದ್ಯಾವಂತರು, ಕೈಯಲ್ಲಿ ನಾಲ್ಕು ಕಾಸಿರುವವರು, ಮಾತಿಗೆ ಬೆಲೆ ಇರುವವರು ಮನಸ್ಸು ಮಾಡಬೇಕು. ಅಂದರೆ ನೀವು. ಅರ್ಜಿ ಬರೆಯಬೇಕಾಗಿಲ್ಲ, ಯಾರ ಜತೆಗೂ ಜಗಳ ಆಡಬೇಕಾಗಿಲ್ಲ. ಶಾಲೆಯನ್ನು ಹಾಡಿ ಹೊಗಳುತ್ತಲೇ ಈ ಕೆಲಸ ಮುಗಿಸಬಹುದು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಎಷ್ಟೋ ಊರುಗಳು ಮುಗಿಸಿಯೂ ಆಗಿದೆ. ನಾಲ್ಕೈದು ವರ್ಷ ತಾಳ್ಮೆ ಇಟ್ಟುಕೊಳ್ಳಿ.

ಮೊದಲು ನಿಮ್ಮ ಮಗುವಿನಿಂದಲೇ ಶುರು ಮಾಡಿ. ಮೂರೂವರೆ ವರ್ಷ ಆಗುತ್ತಿದ್ದಂತೆ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯ ಎಲ್‌ಕೆಜಿಗೆ ಹಾಕಿ. ಇದರಲ್ಲಿ ತಡ ಮಾಡಬೇಡಿ. ಸರ್ಕಾರಿ ಶಾಲೆ ಹೆಚ್ಚಿನ ಕಡೆ ಬಾಗಿಲು ತೆರೆಯುವುದು ಒಂದನೇ ತರಗತಿಗೆ, ಮಗುವಿಗೆ ಆರು ವರ್ಷ ಆಗುವ ಹೊತ್ತಿಗೆ. ಅಷ್ಟರೊಳಗೆ ಪೇಟೆಯ ಶಾಲೆ ಎರಡು ವರ್ಷದ ಫೀಸು ಕಟ್ಟಿಸಿಕೊಂಡು, ಮಗುವಿನ ಕೊರಳಿಗೆ ಟೈ ಕಟ್ಟಿ, ಪದವಿ ಪ್ರದಾನದ ಕರಿ ಗೌನು ಹಾಕಿಸಿ ಫೋಟೊ ತೆಗೆಸಿರುತ್ತದೆ. ದಾಖಲಾತಿ ಆಂದೋಲನ ಎಂದು ಟೀಚರು ಮನೆ ಬಾಗಿಲಿಗೆ ಬಂದಾಗ ಬೆಲ್ಲ, ನೀರು ಕೊಟ್ಟು ಉಪಚರಿಸಿ. "ನಮಗೂ ಆಸೆ ಇತ್ತು ಟೀಚರ್, ಏನು ಮಾಡೋದು, ಮಗು ಅಲ್ಲಿಗೆ ಒಗ್ಗಿಬಿಟ್ಟಿದೆ" ಎನ್ನಿ. ಅವರು ಹೆಚ್ಚು ಒತ್ತಾಯ ಮಾಡಿದರೆ ಅವರ ಮಗ ಎಲ್ಲಿ ಓದುತ್ತಾನೆ ಎಂದು ವಿಚಾರಿಸಿ. ಬಹಳ ಸಲ ಆ ಮಾತಿಗೆ ಇಬ್ಬರೂ ನಕ್ಕು ವಿಷಯ ಬದಲಿಸುತ್ತೀರಿ.

ಒಂದೇ ಮಗುವಿಗಾಗಿ ಶಾಲೆಯ ವ್ಯಾನು ನಿಮ್ಮೂರಿನವರೆಗೆ ಬರಲಾರದು. ಅಕ್ಕಪಕ್ಕದ ಐದಾರು ಮನೆಗಳನ್ನು ಜತೆಗೆ ಸೇರಿಸಿಕೊಳ್ಳಿ. "ಅಲ್ಲಿ ಸ್ಟ್ಯಾಂಡರ್ಡ್ ಇದೆ" ಎಂದರೆ ಸಾಕು, ಅದೇನು ಎಂದು ಯಾರೂ ಬಿಡಿಸಿ ಕೇಳುವುದಿಲ್ಲ. ವ್ಯಾನು ನಿಲ್ಲುವ ಜಾಗ ಸರ್ಕಾರಿ ಶಾಲೆಯ ಗೇಟಿನ ಎದುರೇ ಇರಲಿ, ಅಲ್ಲಿ ತಿರುಗಿಸಲು ಜಾಗ ಚೆನ್ನಾಗಿದೆ.

ಮುಂದಿನದು ಊಟ. ಇದು ನಾಜೂಕಿನ ವಿಷಯ, ಅವಸರ ಬೇಡ. ಶಾಲೆಯಲ್ಲಿ ಉಳಿದಿರುವ ಮಕ್ಕಳ ಮನೆಯವರಿಗೆ ಬಿಸಿಯೂಟದ ಬಗ್ಗೆ ಅನುಮಾನ ಹುಟ್ಟಬೇಕು. ತೊಂದರೆ ಏನೆಂದರೆ ಊಟದಲ್ಲಿ ಕೊಂಕು ಸಿಗುವುದು ಕಷ್ಟ. 2002ರಲ್ಲಿ ಶುರುವಾದ ಅಕ್ಷರ ದಾಸೋಹದ ಲೆಕ್ಕದಲ್ಲಿ ಈ ವಯಸ್ಸಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 2013ರಲ್ಲಿ ಕ್ಷೀರಭಾಗ್ಯ ಬಂತು: 18 ಗ್ರಾಂ ಪುಡಿ ಕದಡಿ 150 ಮಿಲಿಲೀಟರ್ ಹಾಲು. 2024ರಿಂದ ವಾರದಲ್ಲಿ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಬಡಿಸುವ ಮೊದಲು ಟೀಚರು ರುಚಿ ನೋಡಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಇಷ್ಟು ಬಂದೋಬಸ್ತು ನಿಮ್ಮ ಮಗನ ಟಿಫಿನ್ ಡಬ್ಬಿಗೂ ಇಲ್ಲ. ಬೆಳಗ್ಗೆ ಆರೂವರೆಗೆ ತುಂಬಿದ ನೂಡಲ್ಸ್ ಮಧ್ಯಾಹ್ನ ಒಂದಕ್ಕೆ ಡಬ್ಬಿಯ ಆಕಾರದಲ್ಲೇ ಹೊರಬರುತ್ತದೆ. ಆದ್ದರಿಂದ ಅಡುಗೆಯ ತಂಟೆಗೆ ಹೋಗದೆ ಅಡುಗೆಯವರ ಕಡೆ ಬನ್ನಿ. 25 ಮಕ್ಕಳವರೆಗೆ ಅಡುಗೆಯವರು ಒಬ್ಬರೇ. ಅವರ ಮನೆ ಯಾವ ಕೇರಿಯಲ್ಲಿದೆ ಎಂದು ವಿಚಾರಿಸಿ. ಜಾತಿಯ ಹೆಸರು ಮಾತ್ರ ಬಾಯಿಗೆ ಬರಕೂಡದು. ಅದು ಅಪರಾಧ, ಮೇಲಾಗಿ ನೀವು ಅಂಥವರಲ್ಲ. "ನಮ್ಮ ಮಗುವಿಗೆ ಮನೆ ಊಟವೇ ಆಗೋದು" ಎನ್ನಿ. ಎರಡು ಮನೆಯವರು ಬುತ್ತಿ ಕಳಿಸಲು ಶುರು ಮಾಡಿದರೆ ಮೂರನೆಯವರು ಕಾರಣ ಕೇಳದೆ ಕಳಿಸುತ್ತಾರೆ. ಬುತ್ತಿಯ ಮಕ್ಕಳು ಜಗಲಿಯ ಒಂದು ಬದಿ, ಬಿಸಿಯೂಟದ ಮಕ್ಕಳು ಇನ್ನೊಂದು ಬದಿ ಕೂರುವಂತೆ ನೋಡಿಕೊಳ್ಳಿ. ಮುಂದಿನ ಜೂನ್ ಹೊತ್ತಿಗೆ ಬುತ್ತಿಯ ಬದಿ ಪೂರ್ತಿ ವ್ಯಾನು ಹತ್ತಿರುತ್ತದೆ.

ಪಾಠದ ಗುಣಮಟ್ಟದ ಬಗ್ಗೆ ಮಾತಾಡದಿದ್ದರೆ ನಿಮ್ಮ ಅಭಿಪ್ರಾಯಕ್ಕೆ ತೂಕ ಬರುವುದಿಲ್ಲ. ಒಂದು ಬೆಳಗ್ಗೆ ಹತ್ತೂವರೆಗೆ ಶಾಲೆಯ ಕಿಟಕಿಯಲ್ಲಿ ಇಣುಕಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತಿರುತ್ತಾರೆ. ತಲೆಯ ಮೇಲೆ ದಾರದ ಚಪ್ಪರ, ಅದಕ್ಕೆ ಅವರೇ ಬರೆದ ಚಿತ್ರಗಳು ನೇತಾಡುತ್ತವೆ. ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದು ಮಗುವಿಗೊಂದು ಚೌಕ ಮಾಡಿಕೊಟ್ಟಿರುತ್ತಾರೆ. ಒಬ್ಬಳು ತನ್ನ ಕಾರ್ಡು ಹುಡುಕುತ್ತಿರುತ್ತಾಳೆ, ಇನ್ನೊಬ್ಬ ಹುಣಸೆಬೀಜ ಎಣಿಸುತ್ತಿರುತ್ತಾನೆ, ಟೀಚರು ಎಲ್ಲರಿಗಿಂತ ಚಿಕ್ಕವನ ಪಕ್ಕ ಕೂತು ಬೆರಳು ಹಿಡಿದು 'ರ' ತಿದ್ದಿಸುತ್ತಿರುತ್ತಾರೆ. ಇದು ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿ ಇಡೀ ರಾಜ್ಯಕ್ಕೆ ಹಬ್ಬಿದ ಪದ್ಧತಿ. ಮಗು ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲು ಹತ್ತುತ್ತದೆ, ಜ್ವರ ಬಂದು ವಾರ ಬಿಟ್ಟರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಇದನ್ನೆಲ್ಲ ತಿಳಿದುಕೊಂಡು, ಊರಿಗೆ ಬಂದು ಇಷ್ಟೇ ಹೇಳಿ: "ಮಕ್ಕಳು ಆಡಿಕೊಂಡಿದ್ದವು, ಟೀಚರು ನೆಲದ ಮೇಲೆ ಕೂತಿದ್ದರು." ಸುಳ್ಳು ಹೇಳಿದ ಪಾಪವೂ ನಿಮಗೆ ಅಂಟುವುದಿಲ್ಲ. ಅಕ್ಷರಮಾಲೆ 'ಅ'ದಿಂದ ಶುರುವಾಗದೆ 'ರ, ಗ, ಸ, ದ' ಎಂದು ಹೊರಡುವುದನ್ನು ಊರಿನ ಅಜ್ಜಂದಿರಿಗೆ ತಪ್ಪದೆ ತೋರಿಸಿ. ಆಮೇಲೆ ಅವರ ಕೆಲಸ ಅವರು ಮಾಡಿಕೊಳ್ಳುತ್ತಾರೆ.

ಟೀಚರನ್ನು ನೀವು ಓಡಿಸಬೇಕಾಗಿಲ್ಲ, ಅರ್ಧ ಕೆಲಸವನ್ನು ಇಲಾಖೆಯೇ ಮಾಡಿಕೊಡುತ್ತದೆ. 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಇಬ್ಬರಲ್ಲಿ ಒಬ್ಬರು ಬೇರೆ ಶಾಲೆಗೆ ನಿಯೋಜನೆಯ ಮೇಲೆ ಹೋಗಿರುತ್ತಾರೆ. ಉಳಿದ ಒಬ್ಬರು ಐದು ತರಗತಿ, ಕ್ಯಾಶ್‌ಬುಕ್ಕು, ಅಕ್ಕಿಬೇಳೆ ಲೆಕ್ಕ, ಸೋಮವಾರದ ಕಬ್ಬಿಣಾಂಶದ ಮಾತ್ರೆ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಫೋನು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ 'ತುರ್ತು' ಮಾಹಿತಿ ಎಲ್ಲವನ್ನೂ ನೋಡಿಕೊಳ್ಳಬೇಕು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದೂ ಅದೇ ಕಾಯ್ದೆಯಲ್ಲಿದೆ. 2025ರ ಜಾತಿವಾರು ಸಮೀಕ್ಷೆಗೆ ಮನೆ ಮನೆ ಅಲೆದವರು ಶಿಕ್ಷಕರೇ, ಅದು ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು. ಇಂಥ ಸಮಯದಲ್ಲಿ ನಿಮ್ಮ ಪಾಲಿನ ಕೆಲಸ ಸಣ್ಣದು. ಟೀಚರು ತರಗತಿಯಲ್ಲಿ ಮೊಬೈಲ್ ಹಿಡಿದಾಗ ಒಂದು ಫೋಟೊ ತೆಗೆದಿಡಿ. ಅವರು ಮೊಟ್ಟೆಯ ಲೆಕ್ಕವನ್ನೋ ಹಾಜರಿಯನ್ನೋ ಅಪ್‌ಲೋಡ್ ಮಾಡುತ್ತಿರಬಹುದು, ಫೋಟೊದಲ್ಲಿ ಅದು ಗೊತ್ತಾಗುವುದಿಲ್ಲ. ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಅವರ ಸಂಬಳ ಎಷ್ಟು ಎಂದು ಮುಗ್ಧವಾಗಿ ಕೇಳಿ, ಮಲಗಲು ಹೋಗಿ. ಬೆಳಗ್ಗೆ ಏಳುವಷ್ಟರಲ್ಲಿ ಚರ್ಚೆ ಚೆನ್ನಾಗಿ ಬೆಳೆದಿರುತ್ತದೆ.

ಎಸ್‌ಡಿಎಂಸಿಯನ್ನು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು, ಬಿಟ್ಟುಕೊಡಬೇಡಿ. ಶಾಲೆಯನ್ನು ಊರಿನ ಕೈಗೆ ಕೊಡಬೇಕು ಎಂದು 2001ರಲ್ಲಿ ಸರ್ಕಾರ ಹುಟ್ಟುಹಾಕಿದ ಸಮಿತಿ ಇದು. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕೆಂದು ಆಮೇಲೆ ಕಾಯ್ದೆಯೂ ಹೇಳಿತು. ನಿಮ್ಮ ಮಗು ಪೇಟೆಯಲ್ಲಿ ಓದುವುದರಿಂದ ನೀವು ಅಧ್ಯಕ್ಷರಾಗುವಂತಿಲ್ಲ. ಚಿಂತಿಸಬೇಡಿ. ನಿಮ್ಮ ತೋಟದ ಕೆಲಸಕ್ಕೆ ಬರುವವನ ಮಗಳು ಅಲ್ಲೇ ಮೂರನೇ ತರಗತಿಯಲ್ಲಿದ್ದಾಳಲ್ಲ, ಅವನನ್ನೇ ಅಧ್ಯಕ್ಷನನ್ನಾಗಿ ಮಾಡಿ. ಸಭೆಯನ್ನು ಅಡಿಕೆ ಕೊಯ್ಲಿನ ದಿನ, ಹಗಲು ಹನ್ನೊಂದಕ್ಕೆ ಇಡಿಸಿ. ಕೂಲಿ ಬಿಟ್ಟು ಯಾರೂ ಬರುವುದಿಲ್ಲ. ನಡಾವಳಿ ಪುಸ್ತಕ ಸಂಜೆ ಮನೆ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರಲಿ. ನೀವು 'ಶಿಕ್ಷಣಪ್ರೇಮಿ' ಎಂಬ ಹೆಸರಿನಲ್ಲಿ ವೇದಿಕೆ ಹತ್ತಿ. ಆ ಹುದ್ದೆಗೆ ಯಾವ ಅರ್ಹತೆಯನ್ನೂ ಯಾರೂ ಕೇಳುವುದಿಲ್ಲ.

ಶಿಕ್ಷಣಪ್ರೇಮಿಯಾದ ಮೇಲೆ ಕೊಡುಗೆ ಕೊಡಲೇಬೇಕು. ಏನು ಕೊಡಬೇಕೆಂಬುದರಲ್ಲಿ ಜಾಣತನ ಇರಲಿ. ಶೌಚಾಲಯದ ಪೈಪಿನ ಮೇಲೆ ಹೆಸರು ಬರೆಸಲಾಗದು. ಹೆಂಚು ಕೊಟ್ಟರೆ ನಿಮ್ಮ ಹೆಸರನ್ನು ಕಾಗೆ ಮಾತ್ರ ಓದುತ್ತದೆ. ಫ್ಯಾನಿನ ರೆಕ್ಕೆಯ ಮೇಲೆ ಕೆಂಪು ಬಣ್ಣದಲ್ಲಿ ತೀರಿಕೊಂಡ ತಂದೆಯವರ ಹೆಸರು ಬರೆಸುವುದು ಮೊದಲು ಚೆನ್ನಾಗಿ ನಡೆಯುತ್ತಿತ್ತು, ಕರೆಂಟು ಇರುತ್ತಿರಲಿಲ್ಲ, ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಎಂದು ಘೋಷಣೆಯಾದ ಮೇಲೆ ಫ್ಯಾನು ತಿರುಗುವ ಅಪಾಯ ಹೆಚ್ಚಾಗಿದೆ. ಕಬ್ಬಿಣದ ಬೀರು ಕೊಡಿ. ಬೀರು ಅಲುಗುವುದಿಲ್ಲ. ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಮನೆಗಿಷ್ಟು ಎಂದು ಒಂದೇ ವಾರದಲ್ಲಿ ಹಣ ಕೂಡಿಸುವ ನಿಮ್ಮೂರು, ಸೋರುವ ಮಾಡಿಗೆ ಮಾತ್ರ ಜಿಲ್ಲಾ ಪಂಚಾಯಿತಿಯ ಅನುದಾನ ಕಾಯಲಿ.

ಆಗಸ್ಟ್ 15ಕ್ಕೆ ಖಂಡಿತ ಬನ್ನಿ. ಬಿಳಿ ಅಂಗಿ ತೊಟ್ಟು, ಮಕ್ಕಳು ಬಿಸಿಲಿಗೆ ನಿಂತಿರುವಾಗ ದೀರ್ಘವಾಗಿ ಮಾತಾಡಿ. "ನಾನೂ ಇದೇ ಶಾಲೆಯಲ್ಲಿ ಕಲಿತವನು" ಎಂಬಲ್ಲಿ ಗಂಟಲು ಕಟ್ಟಲಿ. 1982ರ ಗೋಕಾಕ್ ಚಳವಳಿಯಲ್ಲಿ ಘೋಷಣೆ ಕೂಗಿದ್ದರೆ ಅದನ್ನು ಹೇಳಿ, ಕೂಗದಿದ್ದರೂ ಹೇಳಿ. ಕಿತ್ತಳೆ ಮಾರಿ ತನ್ನೂರಿಗೆ ಶಾಲೆ ತಂದ ಹರೇಕಳ ಹಾಜಬ್ಬರ ಹೆಸರೆತ್ತಿ, ಅವರಿಗೆ 2020ರಲ್ಲಿ ಪದ್ಮಶ್ರೀ ಬಂದದ್ದನ್ನು ನೆನಪಿಸಿ. ಅವರು ಏನು ಮಾಡಿದರು ಎಂಬಲ್ಲಿ ನಿಲ್ಲಿಸಿ, ನಾವೇನು ಮಾಡಬೇಕು ಎಂಬಲ್ಲಿಗೆ ಹೋಗಬೇಡಿ. ಲಾಡು ಹಂಚುವ ಮೊದಲು ಹೊರಡಿ, ಪೇಟೆಯ ಶಾಲೆಯಲ್ಲಿ ಹತ್ತಕ್ಕೆ ನಿಮ್ಮ ಮಗನ ನೃತ್ಯ ಇದೆ.

ಶಾಲೆಗೆ ನೂರು ತುಂಬುವುದಿದ್ದರೆ ನಿಮ್ಮ ಪುಣ್ಯ. ಶತಮಾನೋತ್ಸವದಷ್ಟು ಚೆನ್ನಾಗಿ ಶಾಲೆಯನ್ನು ಮುಗಿಸುವ ಸಾಧನ ಇನ್ನೊಂದಿಲ್ಲ. ಬೆಂಗಳೂರು, ಮುಂಬೈ, ದುಬೈಯಲ್ಲಿರುವ ಹಳೆ ವಿದ್ಯಾರ್ಥಿಗಳನ್ನು ಕೂಡಿಸಿ. ಮಹಾದ್ವಾರ ಕಟ್ಟಿಸಿ, ಸ್ಮರಣ ಸಂಚಿಕೆ ತನ್ನಿ, ರಾತ್ರಿ ಯಕ್ಷಗಾನ ಇಡಿಸಿ. ಸನ್ಮಾನದ ಪಟ್ಟಿಯಲ್ಲಿ ಯಾರನ್ನೂ ಬಿಡಬೇಡಿ, ಅಡುಗೆಯವರನ್ನು ಬಿಟ್ಟು. ಜನ ಎಷ್ಟು ಸೇರುತ್ತಾರೆಂದರೆ ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರಿರುವುದು ಯಾರ ತಲೆಗೂ ಹೊಳೆಯುವುದಿಲ್ಲ. ಮಧ್ಯೆ ಒಂದು ಸಂಜೆ ದೊಡ್ಡ ಪರದೆ ಕಟ್ಟಿ ರಿಷಬ್ ಶೆಟ್ಟಿಯವರ 2018ರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ಚಿತ್ರ ತೋರಿಸಿ. ಮುಚ್ಚಲು ಹೊರಟ ಕನ್ನಡ ಶಾಲೆಯನ್ನು ಊರವರು ಉಳಿಸಿಕೊಳ್ಳುವ ಕಥೆ, ರಾಷ್ಟ್ರಪ್ರಶಸ್ತಿ ಪಡೆದದ್ದು. ಊರಿಗೆ ಊರೇ ಕಣ್ಣೊರೆಸಿಕೊಳ್ಳುತ್ತದೆ, ನೀವೂ ಒರೆಸಿಕೊಳ್ಳಿ. ಆದರೆ ಬೇಗ ಮಲಗಿ. ವ್ಯಾನು ಬರುವುದು ಏಳೂಕಾಲಿಗೆ.

ಮಕ್ಕಳ ಸಂಖ್ಯೆ ಒಂದಂಕಿಗೆ ಇಳಿದ ಮೇಲೆ ಉಳಿದದ್ದನ್ನು ಕಡತ ನೋಡಿಕೊಳ್ಳುತ್ತದೆ. ಟೀಚರು 'ಹೆಚ್ಚುವರಿ' ಎಂದು ಬೇರೆ ಕಡೆ ಹೋಗುತ್ತಾರೆ, ಶಾಲೆಯನ್ನು ಪಕ್ಕದೂರಿಗೆ ವಿಲೀನ ಮಾಡುವ ಪತ್ರ ಬರುತ್ತದೆ. ಆಗ ಪ್ರತಿಭಟಿಸಿ. ಇದನ್ನು ಮರೆತವರೇ ಆಮೇಲೆ ಊರಿನಲ್ಲಿ ಕೆಟ್ಟ ಹೆಸರು ಪಡೆಯುವುದು. 'ಕನ್ನಡ ಶಾಲೆ ಉಳಿಸಿ' ಎಂಬ ಬ್ಯಾನರ್ ಹಿಡಿದು ಬಿಇಒ ಕಚೇರಿಯ ಮುಂದೆ ಕೂರಿ, ಸ್ಥಳೀಯ ಪತ್ರಿಕೆಯವರಿಗೆ ಮೊದಲೇ ತಿಳಿಸಿ, ಮನವಿ ಕೊಡುವ ಫೋಟೊದಲ್ಲಿ ಎಡದಿಂದ ಎರಡನೆಯವರಾಗಿ ನಿಲ್ಲಿ. "ನಿಮ್ಮ ಮಕ್ಕಳನ್ನು ಕಳಿಸುತ್ತೀರಾ?" ಎಂದು ಅಧಿಕಾರಿ ಕೇಳಿದರೆ ಮೂಲಸೌಕರ್ಯದ ಕೊರತೆಯ ಬಗ್ಗೆ ಮಾತಾಡಿ.

ಕೊನೆಯಲ್ಲಿ ಮೂರೋ ನಾಲ್ಕೋ ಮಕ್ಕಳು ಉಳಿದಿರುತ್ತಾರೆ. ಅಧ್ಯಕ್ಷನ ಮಗಳು, ಗದಗ, ಕೊಪ್ಪಳ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳು. ಒಂದು ಕಿಲೋಮೀಟರ್ ಒಳಗೆ ಶಾಲೆ ಸಿಗಬೇಕೆಂಬುದು ಅವರ ಹಕ್ಕು. ಪಕ್ಕದೂರಿನ ಶಾಲೆ ಎಷ್ಟು ದೂರ ಎಂದು ಅಳೆಯುವಾಗ ನಕ್ಷೆಯ ಮೇಲೆ ನೇರ ಗೆರೆ ಎಳೆಯಲು ಹೇಳಿ. ದಾರಿಯಲ್ಲಿ ದಾಟಬೇಕಾದ ತೋಡು, ಅದರ ಮೇಲಿನ ಅಡಿಕೆಮರದ ಕಾಲುಸಂಕ, ಜುಲೈ ತಿಂಗಳ ಮಳೆ ನಕ್ಷೆಯಲ್ಲಿ ಇರುವುದಿಲ್ಲ. ಆ ಮಕ್ಕಳ ಅಪ್ಪ ಅಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಇಲ್ಲ.

ಕಟ್ಟಡವನ್ನು ಮಾತ್ರ ಕೆಡವಲು ಬಿಡಬೇಡಿ. ಚುನಾವಣೆ ಬಂದಾಗ ನಿಮ್ಮೂರಿನ ಮತಗಟ್ಟೆ ಅದೇ. ಬೀರಿನ ಮೇಲಿನ ಧೂಳು ಒರೆಸಿಡಿ, ಹೆಸರು ಕಾಣಲಿ. ಮತದಾನಕ್ಕೆ ಬೆಳಗ್ಗೆ ಏಳಕ್ಕೇ ಹೋಗಿ, ಹತ್ತರ ಮೇಲೆ ಸರದಿ ಉದ್ದವಾಗುತ್ತದೆ.