ಸ್ಥಿರಗಮನ ಮೀಮಾಂಸೆ: ಟ್ರೆಡ್‌ಮಿಲ್ ಮೇಲೆ ‘ಸ್ಟಾರ್ ಟ್ರೆಕ್’ ನೋಡುವ ವಿಧಿ, ನಿಷೇಧ ಮತ್ತು ದೂರ

ಶಾಸ್ತ್ರಗ್ರಂಥ ಬರೆಯಲು ಕೂತವನು ಮೊದಲು ಅನುಬಂಧ ಚತುಷ್ಟಯ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳುತ್ತೇನೆ. ವಿಷಯ: ಟ್ರೆಡ್‌ಮಿಲ್ ಮೇಲೆ ನಡೆಯುತ್ತ ‘ಸ್ಟಾರ್ ಟ್ರೆಕ್’ ಎಂಬ ಧಾರಾವಾಹಿಯನ್ನು ನೋಡುವುದು. ಅಧಿಕಾರಿ: ನಲವತ್ತು ದಾಟಿದ, ರಕ್ತಪರೀಕ್ಷೆಯ ವರದಿಯಲ್ಲಿ ಎರಡು ಕಡೆಯಾದರೂ ದಪ್ಪಕ್ಷರ ಕಂಡ, ಪಾರ್ಕಿಗೆ ಹೋಗಿ ಎಂದರೆ ಬೀದಿನಾಯಿಗಳ ನೆಪ ಹೇಳುವ ಗೃಹಸ್ಥ. ಪ್ರಯೋಜನ: ಸೊಂಟದ ಸುತ್ತಳತೆಯ ವಿಷಯವಾದ್ದರಿಂದ ಮಾತು ಕೊಡಲಾರೆ. ಸಂಬಂಧ: ಟ್ರೆಡ್‌ಮಿಲ್ಲಿಗೂ ತಾರಾನೌಕೆಗೂ ಎತ್ತಣ ಸಂಬಂಧ ಎಂದು ಕೇಳುವವರೇ ಹೆಚ್ಚಾದ್ದರಿಂದ ಈ ಪ್ರಬಂಧ ಬರೆಯಬೇಕಾಯಿತು.

ಇಲ್ಲಿ ‘ಸ್ಟಾರ್ ಟ್ರೆಕ್’ ಎಂದರೆ ಜೀನ್ ರಾಡನ್‌ಬೆರಿ ಕಲ್ಪಿಸಿದ, ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರ ಸೆಪ್ಟೆಂಬರ್ 8ರಿಂದ 1969ರ ಜೂನ್ 3ರವರೆಗೆ ಬಂದ 79 ಕಂತುಗಳು ಮಾತ್ರ. ಆಮೇಲೆ ಈ ವಂಶದಲ್ಲಿ ಹುಟ್ಟಿದ ಧಾರಾವಾಹಿಗಳಿಗೆ ಲೆಕ್ಕವಿಲ್ಲ. ಅವೆಲ್ಲ ಸ್ಮೃತಿ, ಇದೊಂದೇ ಶ್ರುತಿ. ನಮ್ಮಲ್ಲಿ ಹಲವರಿಗೆ ಈ ಶ್ರುತಿ ಕಿವಿಗೆ ಬಿದ್ದದ್ದು 1980ರ ದಶಕದ ದೂರದರ್ಶನದಲ್ಲಿ. ಆಗ ಚಾಪೆಯ ಮೇಲೆ ಕಾಲು ಚಾಚಿ ನೋಡಿದ್ದಕ್ಕೆ ಈಗ ನಡೆದು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದೇವೆ ಎಂದು ಒಂದು ಮತವಿದೆ. ಅದನ್ನು ಇಲ್ಲಿ ಚರ್ಚಿಸುವುದಿಲ್ಲ.

ಮೊದಲು ಪೂರ್ವಪಕ್ಷ. ಅದನ್ನು ಹುಡುಕಿಕೊಂಡು ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ, ಅಡುಗೆಮನೆಯಿಂದಲೇ ಕೇಳುತ್ತದೆ: “ಏನ್ರೀ, ನಡೆಯೋದಾದ್ರೆ ನಡೀರಿ, ಟೀವಿ ನೋಡೋದಾದ್ರೆ ಕೂತ್ಕೊಂಡು ನೋಡಿ. ಎರಡೂ ಒಟ್ಟಿಗೆ ಮಾಡೋಕೆ ಹೋಗಿ ಬಿದ್ರೆ ಎತ್ತೋರ್ಯಾರು? ಅದರ ಹಿಡಿಕೆ ಮೇಲೆ ಟವೆಲ್ಲು ಒಣಗ್ತಿತ್ತು, ಎಲ್ಲಿಟ್ರಿ?” ಇದರಲ್ಲಿ ಮೂರು ಆಕ್ಷೇಪಗಳಿವೆ. ಟವೆಲ್ಲಿನ ಪ್ರಶ್ನೆಗೆ ಉತ್ತರ ನನ್ನಲ್ಲಿಲ್ಲ. ಉಳಿದೆರಡನ್ನು ಖಂಡಿಸುತ್ತೇನೆ.

ಸಿದ್ಧಾಂತ ಇಷ್ಟು. ಟ್ರೆಡ್‌ಮಿಲ್ ಮೇಲಿನ ಮನುಷ್ಯ ಎಷ್ಟು ನಡೆದರೂ ಇದ್ದಲ್ಲೇ ಇರುತ್ತಾನೆ. ಧಾರಾವಾಹಿಯ ಎಂಟರ್‌ಪ್ರೈಸ್ ನೌಕೆಯೂ ಎಷ್ಟು ಹಾರಿದರೂ ಇದ್ದಲ್ಲೇ ಇತ್ತು. ಪರದೆಯ ಮೇಲೆ ನಕ್ಷತ್ರಗಳನ್ನು ಸೀಳಿಕೊಂಡು ಹೋಗುವ ಆ ಹಡಗು ನಿಜದಲ್ಲಿ 11 ಅಡಿ ಉದ್ದದ ಒಂದು ಮಾದರಿ. ಸ್ಟುಡಿಯೋದಲ್ಲಿ ಅದನ್ನು ಕಂಬದ ಮೇಲೆ ನಿಲ್ಲಿಸಿ, ಕ್ಯಾಮೆರಾವನ್ನೇ ಹಳಿಯ ಮೇಲೆ ತಳ್ಳಿಕೊಂಡು ಹತ್ತಿರ ಹೋಗುತ್ತಿದ್ದರು. ಅದರ ಎಡಗಡೆಯಿಂದ ದೀಪದ ತಂತಿಗಳು ಹೊರಬರುತ್ತಿದ್ದುದರಿಂದ ಚಿತ್ರ ತೆಗೆಯುತ್ತಿದ್ದದ್ದು ಬಲಗಡೆಯನ್ನು. (ಟ್ರೆಡ್‌ಮಿಲ್ಲಿನ ತಂತಿ ಯಾವ ಕಡೆಗಿದೆ ಎಂದು ಹತ್ತುವ ಮೊದಲು ನೋಡಿಕೊಳ್ಳುವುದು ಒಳ್ಳೆಯದು.) ಆ ಮಾದರಿ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದಲ್ಲಿ, ಎಂದಿನಂತೆ, ನಿಂತಿದೆ. ನಿಂತವನು ನಿಂತದ್ದನ್ನು ನೋಡುತ್ತ ಇಬ್ಬರೂ ಹೋಗುತ್ತಿದ್ದೇವೆಂದು ನಂಬುವ ಈ ಸ್ಥಿತಿಗೆ ‘ಸ್ಥಿರಗಮನ’ ಎಂದು ಹೆಸರಿಟ್ಟಿದ್ದೇನೆ. ಯಾರೂ ಕೇಳಲಿಲ್ಲ.

ಇದು ಬರಿಯ ಹೋಲಿಕೆಯಾಯಿತು, ಪ್ರಮಾಣವೆಲ್ಲಿ ಎಂದರೆ ಆಂತರಿಕ ಪ್ರಮಾಣವೇ ಇದೆ. 1966ರ ನವೆಂಬರ್‌ನಲ್ಲಿ ಪ್ರಸಾರವಾದ ‘ದಿ ಕಾರ್ಬೊಮೈಟ್ ಮನೂವರ್’ ಕಂತು ನೋಡಿ. ಹೊರಗೆ ಗುರುತುಪರಿಚಯವಿಲ್ಲದ ಒಂದು ಘನಾಕೃತಿ ನೌಕೆಯನ್ನು ಅಡ್ಡಗಟ್ಟಿದೆ. ಆ ಹೊತ್ತಿನಲ್ಲಿ ಕ್ಯಾಪ್ಟನ್ ಕಿರ್ಕ್ ಏನು ಮಾಡುತ್ತಿದ್ದಾನೆ? ಡಾಕ್ಟರ್ ಮೆಕಾಯ್‌ನ ಕೋಣೆಯಲ್ಲಿ ಅಂಗಿ ಬಿಚ್ಚಿ, ಅಂಗಾತ ಮಲಗಿ, ಬೆವರು ಸುರಿಸುತ್ತ ಗೋಡೆಯ ಮೇಲಿನ ಪೆಡಲುಗಳನ್ನು ತುಳಿಯುತ್ತಿದ್ದಾನೆ! ಅಪಾಯದ ಕೆಂಪು ದೀಪ ಮಿನುಗುವುದು ಡಾಕ್ಟರಿಗೆ ಕಾಣುತ್ತದೆ, ಆದರೆ ಹೇಳುವುದಿಲ್ಲ. ಹೇಳಿದರೆ ಆಸಾಮಿ ಎದ್ದು ಓಡುತ್ತಾನೆ, ತಪಾಸಣೆ ಅರ್ಧಕ್ಕೆ ನಿಲ್ಲುತ್ತದೆ. ಬ್ರಹ್ಮಾಂಡ ಕಾಯಬಹುದು, ಬಿಪಿ ಕಾಯದು ಎಂಬುದೇ ಇಲ್ಲಿನ ತಾತ್ಪರ್ಯ. ಸಾಲದ್ದಕ್ಕೆ ಅದೇ ಕಂತಿನಲ್ಲಿ ಕ್ಯಾಪ್ಟನ್ನಿನ ಊಟದ ತಟ್ಟೆಗೆ ಬರೀ ಸೊಪ್ಪು ಬರುತ್ತದೆ, ಡಾಕ್ಟರರ ಪಥ್ಯ. ಆ ಸೊಪ್ಪನ್ನು ಕಿರ್ಕ್ ನೋಡುವ ನೋಟ ಸಮಸ್ತ ಗಂಡಸರಿಗೂ ಪರಿಚಿತ. ಕಿರ್ಕ್ ಪಾತ್ರದ ವಿಲಿಯಂ ಶಾಟ್ನರ್‌ರ ಅಭಿನಯ ಅತಿಯಾಯಿತು ಎಂದು ಮೂಗು ಮುರಿಯುವ ವಿಮರ್ಶಕರು ಈ ದೃಶ್ಯದ ಬಗ್ಗೆ ಮೌನವಾಗಿರುವುದು ಗಮನಾರ್ಹ.

ಇನ್ನು ಬಾಹ್ಯ ಪ್ರಮಾಣ. ಇದು ನನ್ನ ಸಂಶೋಧನೆಯ ಕಳಶ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಧಾರಾವಾಹಿಯ ಮೊದಲ ಮಾದರಿ ಕಂತನ್ನು ವಾಹಿನಿಯವರು ಒಪ್ಪದೆ ಎರಡನೆಯದನ್ನು ಮಾಡಿಸಿದರು. ಅದರಲ್ಲಿ ಕಿರ್ಕ್‌ನ ಗೆಳೆಯ ಗ್ಯಾರಿ ಮಿಚೆಲ್ ಎಂಬಾತ, ಕಣ್ಣು ಬೆಳ್ಳಿಯಂತೆ ಹೊಳೆಯತೊಡಗಿ, ದೈವತ್ವ ತಲೆಗೇರಿ, ಕೊನೆಗೆ ಗೆಳೆಯನ ಕೈಯಲ್ಲೇ ಸಾಯುತ್ತಾನೆ. ಪಾತ್ರ ಮಾಡಿದವರು ಗ್ಯಾರಿ ಲಾಕ್‌ವುಡ್. ಇದೇ ಲಾಕ್‌ವುಡ್ 1968ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್‌ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಗಗನಯಾತ್ರಿಯಾಗಿ ಏನು ಮಾಡುತ್ತಾರೆ? ಚಡ್ಡಿ ತೊಟ್ಟು ಜಾಗಿಂಗ್! ಓಡುವುದು ಒಂದು ದುಂಡನೆಯ ಕೋಣೆಯ ಒಳಗೋಡೆಯ ಮೇಲೆ. ಅದಕ್ಕಾಗಿ ಸುಮಾರು 38 ಅಡಿ ವ್ಯಾಸದ ಚಕ್ರವನ್ನೇ ಕಟ್ಟಿ ತಿರುಗಿಸಿದ್ದರು. ಚಕ್ರ ತಿರುಗುತ್ತಿತ್ತು, ನಟ ಬುಡದಲ್ಲಿ ಇದ್ದಲ್ಲೇ ಓಡುತ್ತಿದ್ದರು. ಇದು ಟ್ರೆಡ್‌ಮಿಲ್ ಅಲ್ಲದೆ ಮತ್ತೇನು? ‘ಸ್ಟಾರ್ ಟ್ರೆಕ್’ ಮತ್ತು ಟ್ರೆಡ್‌ಮಿಲ್ ಒಂದೇ ದೇಹದಲ್ಲಿ ಸಂಗಮಿಸಿದ ಈ ಘಟನೆಯನ್ನು ಕಾಕತಾಳೀಯ ಎನ್ನುವವರು ಶಾಸನಗಳ ತೇದಿಯನ್ನೂ ಹಾಗೇ ಎನ್ನಬಹುದು.

ಚಾರಿತ್ರಿಕವಾಗಿಯೂ ಎರಡೂ ಸಮವಯಸ್ಕ. ಮೂಲದಲ್ಲಿ ಟ್ರೆಡ್‌ಮಿಲ್ ಶಿಕ್ಷೆಯ ಸಾಧನ. 1818ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯೂಬಿಟ್ ಜೈಲುಗಳಿಗಾಗಿ ರೂಪಿಸಿದ ತುಳಿಚಕ್ರವನ್ನು ಕೈದಿಗಳು ಗಂಟೆಗಟ್ಟಲೆ ಹತ್ತುತ್ತಲೇ ಇರಬೇಕಿತ್ತು. ಪಕ್ಕದವನ ಮುಖ ಕಾಣದಂತೆ ನಡುವೆ ಹಲಗೆ ಹೊಡೆದಿರುತ್ತಿದ್ದದ್ದೂ ಉಂಟು. ಎದುರಿಗೆ ಪರದೆಯಿರಲಿಲ್ಲ. 1898ರ ಕಾಯ್ದೆಯಿಂದ ಬ್ರಿಟನ್ ಈ ಶಿಕ್ಷೆಯನ್ನು ಕೈಬಿಟ್ಟಿತು. ಅದನ್ನು ಕಂತಿನಲ್ಲಿ ದುಡ್ಡು ಕಟ್ಟಿ ಮನೆಗೆ ತರಿಸಿಕೊಳ್ಳುವ ಕಾಲ ಆಮೇಲೆ ಬಂತು. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ‘ಏರೋಬಿಕ್ಸ್’ ಎಂಬ ಪುಸ್ತಕ ಬರೆದರು. ಅದನ್ನು ಓದಿದ ವಿಲಿಯಂ ಸ್ಟಾಬ್ ಎಂಬ ಎಂಜಿನಿಯರ್ ಮನೆಬಳಕೆಯ ಟ್ರೆಡ್‌ಮಿಲ್ ತಯಾರಿಸಿದರು. ಅಂದರೆ ಎಂಟರ್‌ಪ್ರೈಸ್ ಬಾಗಿಲು ಹಾಕುವ ಹೊತ್ತಿಗೆ ಟ್ರೆಡ್‌ಮಿಲ್ ಮನೆಯ ಬಾಗಿಲು ತಟ್ಟಿತು. ಇವೆರಡಕ್ಕೂ ಮುಂಚೆ, 1963ರಲ್ಲೇ, ಸಿಯಾಟಲ್‌ನ ಹೃದ್ರೋಗ ತಜ್ಞ ರಾಬರ್ಟ್ ಬ್ರೂಸ್ ತಮ್ಮ ಪರೀಕ್ಷಾಕ್ರಮ ಪ್ರಕಟಿಸಿದ್ದರು: ಮೂರು ಮೂರು ನಿಮಿಷಕ್ಕೆ ವೇಗ ಹೆಚ್ಚು, ಏರು ಹೆಚ್ಚು. ಅದನ್ನೇ ನಾವು ಟಿಎಂಟಿ ಎನ್ನುವುದು. ಜಾಹೀರಾತಿಗಾಗಿ ನಾಲ್ಕು ಅಂಕವಾಗಿ ಒಡೆದ ‘ಸ್ಟಾರ್ ಟ್ರೆಕ್’ ಕಂತಿನ ಒತ್ತಡ ಏರುವುದೂ ಇದೇ ನಿಯಮದಿಂದ.

ವೇಗ ಪ್ರಕರಣ. ಮೂಲ ಧಾರಾವಾಹಿಯ ಲೆಕ್ಕದಲ್ಲಿ ‘ವಾರ್ಪ್’ ಅಂಕಿಯನ್ನು ಘನ ಮಾಡಿದರೆ ಬೆಳಕಿನ ಎಷ್ಟು ಪಟ್ಟು ಎಂದು ಸಿಗುತ್ತದೆ. ವಾರ್ಪ್ 2 ಎಂದರೆ 8 ಪಟ್ಟು, ವಾರ್ಪ್ 6 ಎಂದರೆ 216 ಪಟ್ಟು. ಟ್ರೆಡ್‌ಮಿಲ್ಲಿನ ಗುಂಡಿಯಲ್ಲೂ 6 ಎಂಬ ಅಂಕಿ ಇದೆ, ಆದರೆ ಅದು ಗಂಟೆಗೆ 6 ಕಿಲೋಮೀಟರ್. ವಾರ್ಪ್ 6ರಲ್ಲಿ ಹೊರಟರೆ 4.3 ಜ್ಯೋತಿರ್ವರ್ಷ ದೂರದ ಆಲ್ಫಾ ಸೆಂಟಾರಿಗೆ ಸುಮಾರು ಒಂದು ವಾರ ಸಾಕು. ಟ್ರೆಡ್‌ಮಿಲ್ಲಿನ 6ರಲ್ಲಿ ವಾರವೆಲ್ಲ ನಡೆದರೂ ಎದುರಿಗಿರುವ ಫ್ರಿಜ್ಜು ಅಲ್ಲೇ ಇರುತ್ತದೆ, ಡಾಕ್ಟರರ ಉದ್ದೇಶವೂ ಅದೇ. ಹೀಗಾಗಿ ಅಂಕಿ ಒಂದೇ ಆದರೂ ಫಲ ಬೇರೆ ಎಂದು ಸಾಧಕ ಮನಗಾಣಬೇಕು. ಕ್ಯಾಪ್ಟನ್ ಪರದೆಯಲ್ಲಿ ವಾರ್ಪ್ 8 ಎಂದು ಆಜ್ಞಾಪಿಸಿದ ಮಾತ್ರಕ್ಕೆ ಇಲ್ಲಿ 8 ಒತ್ತಬಾರದು. ಯಂತ್ರ ತಡೆಯದು ಎಂದು ಕೂಗುವ ಎಂಜಿನಿಯರ್ ಸ್ಕಾಟಿ ಅಲ್ಲಿದ್ದಾನೆ. ಇಲ್ಲಿ ಮೊಣಕಾಲು ತಾನೇ ಕೂಗಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಓಲಾಟದ್ದು. ಶತ್ರುವಿನ ಹೊಡೆತ ಬಿದ್ದಾಗ ಎಂಟರ್‌ಪ್ರೈಸ್ ಅಲುಗಾಡಬೇಕು. ಆ ಸೆಟ್ಟನ್ನು ಅಲುಗಾಡಿಸುವುದು ಆಗದ ಮಾತು. ಹಾಗಾಗಿ ಕ್ಯಾಮೆರಾ ವಾಲಿಸಿದರು. ಕಿರ್ಕ್, ಸ್ಪಾಕ್, ಉಹುರಾ, ಸುಲು, ಹೀಗೆ ಸಿಬ್ಬಂದಿಯೆಲ್ಲರೂ ಏಕಕಾಲಕ್ಕೆ ಒಂದು ಮಗ್ಗುಲಿಗೆ ಉರುಳಿಕೊಂಡರು. ನಕ್ಷತ್ರಗಳವರೆಗೆ ಹೋಗುವ ವಿದ್ಯೆ ಬಲ್ಲವರು ಕುರ್ಚಿಗೆ ಬೆಲ್ಟು ಹಾಕಲು ಮರೆತದ್ದು ಕಥೆಗೆ ಒಳ್ಳೆಯದಾಯಿತು. ನಡೆಯುವವನಿಗೆ ಮಾತ್ರ ಇದು ಕಂಟಕ, ಏಕೆಂದರೆ ಪರದೆ ವಾಲಿದತ್ತ ಭಕ್ತನೂ ವಾಲುತ್ತಾನೆ, ಕಾಲಡಿಯ ಪಟ್ಟಿ ಯಾರನ್ನೂ ಕಾಯುವುದಿಲ್ಲ. ಆದ್ದರಿಂದ ವಿಧಿ: ಶತ್ರುಗಳಾದ ಕ್ಲಿಂಗಾನರ ನೌಕೆ ಕಂಡೊಡನೆ ಹಿಡಿಕೆ ಹಿಡಿಯತಕ್ಕದ್ದು, ಸೇಫ್ಟಿ ಕೀಯ ಕ್ಲಿಪ್ಪು ಅಂಗಿಗೆ ಸಿಕ್ಕಿಸಿಕೊಂಡಿರತಕ್ಕದ್ದು. ಆ ಅಂಗಿ ಕೆಂಪಾಗಿರಬಾರದು. ಹೊಸ ಗ್ರಹದ ಮೇಲೆ ಇಳಿದವರಲ್ಲಿ ಹೆಸರಿಲ್ಲದ ಕೆಂಪಂಗಿಯವನೇ ಮೊದಲು ಸಾಯುವುದು ವಾಡಿಕೆ. ಸ್ಕಾಟಿಯೂ ಉಹುರಾಳೂ ಕೆಂಪೇ ತೊಟ್ಟಿದ್ದರಲ್ಲ, ಬದುಕಲಿಲ್ಲವೇ ಎಂದರೆ, ಅವರ ಹೆಸರು ಕಂತಿನ ಕೊನೆಯ ನಾಮಾವಳಿಯಲ್ಲಿತ್ತು. ನಿಮ್ಮದಿದೆಯೇ?

ಕೌತುಕವೆಂದರೆ ಆ ನೌಕೆಯಲ್ಲಿ ಎಂಜಿನ್ ಕೆಡುತ್ತದೆ, ಸಂಪರ್ಕ ಕಡಿಯುತ್ತದೆ, ಉಸಿರಾಡುವ ಗಾಳಿಗೂ ತತ್ವಾರ ಬರುತ್ತದೆ, ಆದರೆ ಕೃತಕ ಗುರುತ್ವ ಕೈಕೊಟ್ಟದ್ದು ಕಾಣೆ. ನಟರನ್ನು ತಂತಿಯಲ್ಲಿ ತೇಲಿಸಲು ಖರ್ಚು ಬಹಳ. (ಗ್ರಹಕ್ಕೆ ಹಡಗನ್ನು ವಾರವಾರ ಇಳಿಸುವ ಖರ್ಚು ಉಳಿಸಲೆಂದೇ ಅಲ್ಲವೇ ಮನುಷ್ಯರನ್ನು ಮಿನುಗಿಸಿ ಕಳಿಸುವ ಟ್ರಾನ್ಸ್‌ಪೋರ್ಟರ್ ಹುಟ್ಟಿದ್ದು!) ತೂಕವಿಲ್ಲದ ಸ್ಥಿತಿಯಲ್ಲಿ ಟ್ರೆಡ್‌ಮಿಲ್ ತುಳಿಯುವುದು ಏನೆಂದು ತೋರಿಸಿದವರು ಸುನೀತಾ ವಿಲಿಯಮ್ಸ್. 2007ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಟ್ರೆಡ್‌ಮಿಲ್ ಮೇಲೆ, ತೇಲಿಹೋಗದಂತೆ ಪಟ್ಟಿಗಳಲ್ಲಿ ಬಿಗಿದುಕೊಂಡು, ಬಾಸ್ಟನ್ ಮ್ಯಾರಥಾನನ್ನು ಸುಮಾರು 4 ಗಂಟೆ 24 ನಿಮಿಷದಲ್ಲಿ ಮುಗಿಸಿದರು. ನಿಲ್ದಾಣ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. 42 ಕಿಲೋಮೀಟರ್ ಓಡಿ ಮುಗಿಸುವಷ್ಟರಲ್ಲಿ ಅವರು ಭೂಮಿಗೆ ಎರಡು ಪ್ರದಕ್ಷಿಣೆ ಹಾಕಿ ಮೂರನೆಯದರಲ್ಲಿದ್ದರು. ಸ್ಥಿರಗಮನಕ್ಕೆ ಇದು ಅಪವಾದವೋ ಪರಮೋದಾಹರಣೆಯೋ ಎಂಬ ಬಗ್ಗೆ ನನ್ನೊಳಗೇ ಎರಡು ಪಂಗಡಗಳಿವೆ.

ಕೊನೆಗೆ ದೂರ ಪ್ರಕರಣ. ಕಂತೊಂದು ಸುಮಾರು 50 ನಿಮಿಷ. ಗಂಟೆಗೆ 5 ಕಿಲೋಮೀಟರಿನಂತೆ ನಡೆದರೆ ಕಂತಿಗೆ ನಾಲ್ಕು ಚಿಲ್ಲರೆ ಕಿಲೋಮೀಟರ್, 79 ಕಂತಿಗೆ ಸುಮಾರು 330. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350. ಹಾಗಾಗಿ ಈ ಧಾರಾವಾಹಿಯ ಭೂಪಟವನ್ನು ಹೆದ್ದಾರಿಯ ಮೇಲೆ ಹಾಸಿ ನೋಡಿದೆ. 29 ಕಂತಿನ ಮೊದಲ ಸೀಸನ್ ಬೆಳ್ಳೂರು ಕ್ರಾಸ್ ದಾಟಿಸುತ್ತದೆ, ದಾರಿ ಚೆನ್ನಾಗಿದೆ. ಎರಡನೆಯದು ಹಾಸನ ಕಳೆದು ಸಕಲೇಶಪುರಕ್ಕೆ ಮುಟ್ಟಿಸುತ್ತದೆ. ಅಲ್ಲಿಂದ ಮೂರನೆಯ ಸೀಸನ್. ವಾಹಿನಿಯವರು ಅದನ್ನು ಶುಕ್ರವಾರ ರಾತ್ರಿ ಹತ್ತಕ್ಕೆ ತಳ್ಳಿದರು, ಬಜೆಟ್ ಕತ್ತರಿಸಿದರು, ರಾಡನ್‌ಬೆರಿ ದಿನನಿತ್ಯದ ಉಸ್ತುವಾರಿ ಬಿಟ್ಟರು. ಸ್ಪಾಕ್‌ನ ಮಿದುಳನ್ನೇ ಕದ್ದೊಯ್ಯುವ ಕಂತಿನಿಂದ ಅದು ಶುರುವಾಯಿತು. ಇಳಿತವೆಂದರೆ ಇಳಿತ, ಭೂಪಟದಲ್ಲೂ ಅದು ಸರಿಯಾಗಿ ಶಿರಾಡಿ ಘಾಟಿಯೇ. ಧಾರಾವಾಹಿ ನಿಂತುಹೋಗುವುದು ಬಿ.ಸಿ. ರೋಡಿನ ಹತ್ತಿರ.

ಬಿ.ಸಿ. ರೋಡಿನಲ್ಲಿ ಹತ್ತು ವರ್ಷ ಕಾದರೆ 1979ರ ಮೊದಲ ಸಿನಿಮಾ ಸಿಗುತ್ತದೆ: 132 ನಿಮಿಷ, 11 ಕಿಲೋಮೀಟರ್. ಅದರಲ್ಲಿ ಕಿರ್ಕ್ ತನ್ನ ನೌಕೆಯ ಸುತ್ತ ತಿರುಗಿ ಕಣ್ತುಂಬ ನೋಡುವ ದೃಶ್ಯವೊಂದಿದೆ; ಉತ್ಸವಮೂರ್ತಿಗೂ ಅಷ್ಟು ಹೊತ್ತು ಆರತಿ ಎತ್ತುವುದಿಲ್ಲ. ಆಮೇಲೆ 1982ರ ‘ದಿ ರಾತ್ ಆಫ್ ಖಾನ್’, 113 ನಿಮಿಷ, ಒಂಬತ್ತು ಕಿಲೋಮೀಟರಿಗೆ ಮೇಲೆ. ಪಂಪ್‌ವೆಲ್ ವೃತ್ತ ಮುಟ್ಟುವ ಹೊತ್ತಿಗೆ ಸ್ಪಾಕ್ ತೀರಿಕೊಂಡಿರುತ್ತಾನೆ. ಅವನನ್ನು ಬದುಕಿಸುವ ಮೂರನೆಯ ಸಿನಿಮಾಕ್ಕೆ ಬಲಕ್ಕೆ ತಿರುಗಿ ಸುರತ್ಕಲ್ ದಾರಿ ಹಿಡಿಯಬೇಕು. ಈ ಲೆಕ್ಕವನ್ನೆಲ್ಲ ವಿವರವಾಗಿ ಪೂರ್ವಪಕ್ಷಿಯ ಮುಂದಿಟ್ಟೆ. ಕೇಳಿ, ಟವೆಲ್ಲು ಹಿಡಿಕೆಯ ಮೇಲೆ ಹರವುತ್ತ, “ಮಂಗ್ಳೂರಿಗೆ ಹೋಗೋದು ಖಾತ್ರಿ ಆದ್ರೆ ಹೇಳಿ, ಬರೋವಾಗ ಎರಡು ಲೀಟರ್ ಕೊಬ್ಬರಿ ಎಣ್ಣೆ ತರ್ಬೇಕು” ಎಂದರು.