ಅನುಮತಿಸಿ, ನಿಶ್ಚಿಂತೆಯಿಂದಿರಿ

ಕೂಪನ್ ಹುಡುಕಿಕೊಡುವ ಪುಟ್ಟ ಎಕ್ಸ್‌ಟೆನ್ಶನ್ ಒಂದನ್ನು ಬ್ರೌಸರ್‌ಗೆ ಸೇರಿಸಲು ಹೋದರೆ ಒಂದು ಸೂಚನೆ ಎದ್ದು ಬರುತ್ತದೆ: ನೀವು ಭೇಟಿ ಕೊಡುವ ಎಲ್ಲ ವೆಬ್‌ಸೈಟುಗಳಲ್ಲಿರುವ ನಿಮ್ಮ ಎಲ್ಲ ಡೇಟಾವನ್ನು ಇದು ಓದಬಲ್ಲದು, ಬದಲಿಸಬಲ್ಲದು. ಎಲ್ಲ ಅಂದರೆ ಎಲ್ಲ. ಬ್ಯಾಂಕೂ ಸೇರಿ, ಆಫೀಸಿನ ಇಮೇಲೂ ಸೇರಿ. ಇಷ್ಟು ಬಾಯಿಬಿಟ್ಟು ಹೇಳಿ ಒಳಬರುವ ಕಳ್ಳ ಬೇರೆಲ್ಲಿ ಸಿಕ್ಕಾನು? ಬಾಡಿಗೆಗೆ ಬಂದವರ ಜಾತಿ, ಊಟ, ಊರು ಎಲ್ಲ ವಿಚಾರಿಸುವ ನಾವು ಇಲ್ಲಿ ಮಾತ್ರ ಐವತ್ತು ರೂಪಾಯಿ ರಿಯಾಯಿತಿಗಾಗಿ ಕಣ್ಣುಮುಚ್ಚಿ ಒತ್ತುತ್ತೇವೆ.

ಇದನ್ನು ಕಂಡು ಗಾಬರಿಯಾದ ಕಂಪನಿಗಳು ಸೆಕ್ಯುರಿಟಿ ಮಾನಿಟರಿಂಗ್ ಸಾಫ್ಟ್‌ವೇರ್ ಕೊಂಡುಕೊಂಡಿವೆ. ಯಾವ ಲ್ಯಾಪ್‌ಟಾಪಿನಲ್ಲಿ ಯಾವ ಎಕ್ಸ್‌ಟೆನ್ಶನ್ ಇದೆ, ಅದಕ್ಕೆ ಏನೇನು ಅನುಮತಿ ಇದೆ ಎಂದು ಅದು ಪಟ್ಟಿ ಮಾಡುತ್ತದೆ, ರಿಸ್ಕ್ ಸ್ಕೋರ್ ಕೊಡುತ್ತದೆ, ಕೆಂಪು, ಹಳದಿ, ಹಸಿರು ಬಳಿಯುತ್ತದೆ. ಸೋಮವಾರದ ಮೀಟಿಂಗಿಗೆ ಇದಕ್ಕಿಂತ ಚೆಂದದ ಸ್ಲೈಡ್ ಇಲ್ಲ. ಆಮೇಲೆ ನಡೆಯುವುದು ಇಷ್ಟು:

"ಸರ್, ಈ ಪಿಡಿಎಫ್ ಕನ್ವರ್ಟರ್ ಎಲ್ಲಾ ಪೇಜನ್ನೂ ಓದುತ್ತೆ. ತೆಗೀಬೇಕು."

"ಯಾರ ಮೆಷಿನ್ನಲ್ಲಿದೆ?"

"ಫೈನಾನ್ಸ್ ಹೆಡ್ ಅವರದ್ರಲ್ಲಿ."

"ಹಾಗಾದ್ರೆ ಅದು ರಿಸ್ಕ್ ಅಲ್ಲಪ್ಪ, ಬಿಸಿನೆಸ್ ರಿಕ್ವೈರ್‌ಮೆಂಟು. ಎಕ್ಸೆಪ್ಶನ್ ಹಾಕು."

"ಎಷ್ಟು ದಿನಕ್ಕೆ ಸರ್?"

"ಅವರು ರಿಟೈರ್ ಆಗೋವರೆಗೆ."

ಕೆಂಪು ಹಸಿರಾಯಿತು. ಅಪಾಯ ಇದ್ದಲ್ಲೇ ಇದೆ, ಬಣ್ಣ ಮಾತ್ರ ಸುಧಾರಿಸಿದೆ.

ಇನ್ನು ಹಸಿರಿನ ಕಥೆ. ಇವತ್ತು ಸಾಧುವಾಗಿರುವ ಎಕ್ಸ್‌ಟೆನ್ಶನ್ ನಾಳೆ ಯಾರ ಕೈಸೇರುತ್ತದೋ ಬಲ್ಲವರಿಲ್ಲ. ತೆರೆದಿಟ್ಟು ಮರೆತ ಟ್ಯಾಬುಗಳನ್ನು ಮಲಗಿಸುತ್ತಿದ್ದ 'ದಿ ಗ್ರೇಟ್ ಸಸ್ಪೆಂಡರ್' ಅನ್ನು ಅದರ ಕರ್ತೃ 2020ರಲ್ಲಿ ಅಪರಿಚಿತರಿಗೆ ಮಾರಿದ. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಎಂದು ಕಿತ್ತುಹಾಕಿತು. ಸುಮಾರು 20 ಲಕ್ಷ ಬಳಕೆದಾರರಲ್ಲಿ ಹೆಚ್ಚಿನವರಿಗೆ ಮಾಲೀಕ ಬದಲಾದದ್ದೇ ಗೊತ್ತಿರಲಿಲ್ಲ. ಅಪ್‌ಡೇಟ್ ತಾನಾಗಿಯೇ ಬರುತ್ತದಲ್ಲ, ಕೇಳುವವರು ಯಾರು?

ಸರಿ, ಸೆಕ್ಯುರಿಟಿ ಕಂಪನಿಗಳ ಎಕ್ಸ್‌ಟೆನ್ಶನ್ನನ್ನೇ ಹಾಕಿಕೊಳ್ಳೋಣ ಎನ್ನುವ ಜಾಣರಿದ್ದಾರೆ. ನಿಮ್ಮ ಖಾಸಗಿತನ ಕಾಯುತ್ತೇನೆಂದ ಅವಾಸ್ಟ್, ನೀವು ಎಲ್ಲೆಲ್ಲಿ ಬ್ರೌಸ್ ಮಾಡಿದಿರಿ ಎಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರಿಕೊಂಡಿತ್ತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದರಿಂದ 1.65 ಕೋಟಿ ಡಾಲರ್ ಕಕ್ಕಿಸಿತು.

ಸೈಬರ್‌ಹೇವನ್‌ದು ಇನ್ನೂ ಸೊಗಸು. ಡೇಟಾ ಸೋರದಂತೆ ತಡೆಯುವುದೇ ಈ ಕಂಪನಿಯ ಕಸುಬು. 2024ರ ಕ್ರಿಸ್‌ಮಸ್ ಮುನ್ನಾದಿನ ಅಲ್ಲಿನ ಉದ್ಯೋಗಿಯೊಬ್ಬರಿಗೆ ಒಂದು ಮೇಲ್ ಬಂತು: ನಿಮ್ಮ ಎಕ್ಸ್‌ಟೆನ್ಶನ್ ನಿಯಮ ಮುರಿದಿದೆ, ಕ್ರೋಮ್ ವೆಬ್ ಸ್ಟೋರ್‌ನಿಂದ ತೆಗೆಯುತ್ತೇವೆ. ಲಿಂಕ್ ಒತ್ತಿದರೆ ಗೂಗಲ್‌ನದೇ ಅನುಮತಿಯ ಪುಟ. ಅನುಮತಿ ಕೇಳಿದ ಆ್ಯಪ್‌ನ ಹೆಸರು 'ಪ್ರೈವಸಿ ಪಾಲಿಸಿ ಎಕ್ಸ್‌ಟೆನ್ಶನ್'. ಕಳ್ಳನಿಗೂ ಹಾಸ್ಯಪ್ರಜ್ಞೆ ಇರುತ್ತದೆ. ಉದ್ಯೋಗಿ ಅನುಮತಿಸಿದರು. ಅವರ ಖಾತೆಗೆ ಎರಡು ಹಂತದ ದೃಢೀಕರಣವಿತ್ತು, ಆದರೆ ಅನುಮತಿ ತಾವಾಗಿಯೇ ಕೊಡುವವರನ್ನು ಯಾವ ಹಂತ ತಡೆದೀತು? ಕಳ್ಳರು ಪಾಸ್‌ವರ್ಡ್ ಮುಟ್ಟದೆಯೇ ನಕಲಿ ಆವೃತ್ತಿಯನ್ನು ಸ್ಟೋರ್‌ಗೇರಿಸಿದರು. ಸುಮಾರು 4 ಲಕ್ಷ ಬಳಕೆದಾರರಿದ್ದ ಆ ಎಕ್ಸ್‌ಟೆನ್ಶನ್ ಹಬ್ಬದ ದಿನ ಬಳಕೆದಾರರ ಕುಕೀಗಳನ್ನು ಕದ್ದು ಸಾಗಿಸುತ್ತಿತ್ತು.

ಮದ್ದು ಇಲ್ಲವೇ? ಇದೆ, ಅದೂ ಪುಕ್ಕಟೆ. ಕ್ರೋಮ್, ಎಡ್ಜ್ ಎರಡರಲ್ಲೂ ಆಡಳಿತಗಾರರು ಬ್ಲಾಕ್‌ಲಿಸ್ಟಿಗೆ ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಎಲ್ಲ ಎಕ್ಸ್‌ಟೆನ್ಶನ್‌ಗಳೂ ಬಂದ್; ಆಮೇಲೆ ನಿಜಕ್ಕೂ ಬೇಕಾದ ನಾಲ್ಕಾರನ್ನು ಮಾತ್ರ ಬಿಟ್ಟುಕೊಂಡು, ಅವುಗಳ ಮೇಲೆ ಕಣ್ಣಿಟ್ಟರಾಯಿತು. ಆದರೆ ಪುಕ್ಕಟೆ ಮದ್ದಿಗೆ ಸೇಲ್ಸ್‌ನವರಿಲ್ಲ, ಪಂಚತಾರಾ ಹೋಟೆಲಿನಲ್ಲಿ ಡೆಮೊ ಇಲ್ಲ. ಮೇಲಾಗಿ, ಫೈನಾನ್ಸ್ ಹೆಡ್‌ಗೆ 'ಆಗಲ್ಲ ಸರ್' ಎನ್ನಬೇಕು.

ನಿಮ್ಮ ಬ್ರೌಸರಿಗೆ ನೀವೇ ಹೆಡ್ಡು. ಎಕ್ಸ್‌ಟೆನ್ಶನ್ ಪುಟ ತೆರೆದು ನೋಡಿ, ಯಾಕೆ ಹಾಕಿಕೊಂಡಿರೆಂದು ನೆನಪಾಗದ್ದನ್ನೆಲ್ಲ ಇವತ್ತೇ ತೆಗೆದುಹಾಕಿ.