ಕೈ ಬಿಟ್ಟು ಮಾತಾಡುವ ರಾಯರು

ಲಿಂಗಂಪಲ್ಲಿಯಲ್ಲಿ ಕನ್ನಡದವರಿಗೆ ಬರವಿಲ್ಲ. ಬೀದರಿನಿಂದ ಜಹೀರಾಬಾದು, ಸಂಗಾರೆಡ್ಡಿ, ಪಟಾನ್‌ಚೆರು ದಾಟಿ ಬರುವ ಬಸ್ಸಿನವರಿಗೆ ಹೈದರಾಬಾದು ಶುರುವಾಗುವುದೇ ಇಲ್ಲಿ. ಕಲಬುರ್ಗಿ ಕಡೆಯಿಂದ ಬರುವ ಎಷ್ಟೋ ರೈಲುಗಳು ಇಲ್ಲಿ ನಿಂತೇ ಮುಂದೆ ಹೋಗುತ್ತವೆ. ಒಂದು ತಲೆಮಾರು ಬಿಎಚ್‌ಇಎಲ್ ಕಾರ್ಖಾನೆಗೆಂದು ಬಂದು ರಾಮಚಂದ್ರಾಪುರದಲ್ಲಿ ಬೇರುಬಿಟ್ಟಿತು. ಇನ್ನೊಂದು ಗಚ್ಚಿಬೌಲಿಯ ಸಾಫ್ಟ್‌ವೇರಿಗೆಂದು ಬಂದು ನಲ್ಲಗಂಡ್ಲದಲ್ಲಿ ಕಂತು ಕಟ್ಟುತ್ತಿದೆ. ಇವೆರಡರ ನಡುವೆ, ನೌಕರಿ ಮುಗಿಸಿ, ಮಗಳ ಮದುವೆ ಮುಗಿಸಿ, ಬಿಪಿ ಮಾತ್ರೆ ಶುರುವಾದ ಮೇಲೆ ಹಕ್ಕಿ ಫೋಟೋಕ್ಕೆ ಇಳಿದ ಗಂಡಸರದೊಂದು ಪಂಗಡವಿದೆ. ಕಾಲೊನಿಗೊಬ್ಬರಾದರೂ ಸಿಕ್ಕೇ ಸಿಗುತ್ತಾರೆ. ನಮ್ಮ ಕಾಲೊನಿಯವರನ್ನು ಎಲ್ಲರೂ ಗಿಂಬಲ್ ರಾಯರು ಅನ್ನುತ್ತಾರೆ. ಅವರೆದುರಿಗೇ ಅನ್ನುತ್ತಾರೆ, ಅವರಿಗೆ ಅದು ಬಿರುದು.

ಭಾನುವಾರ ಬೆಳಿಗ್ಗೆ ಹಾಲಿನವನಿಗಿಂತ ಮುಂಚೆ ಗೇಟು ತೆಗೆಸುವವರು ಇವರೇ. ಮೈಮೇಲೆ ಎಲೆ ಬಳ್ಳಿ ಚಿತ್ರದ ಅಂಗಿ, ತಲೆಗೆ ಅದೇ ಬಟ್ಟೆಯ ಟೋಪಿ, ಲೆನ್ಸಿಗೂ ಅದೇ ಬಟ್ಟೆಯ ಕವಚ. ಹಕ್ಕಿಯ ಕಣ್ಣಿಗೆ ಬೀಳಬಾರದಂತೆ. ಅಮೀನ್‌ಪುರ ಕೆರೆಯ ಸುತ್ತ ಈಗ ಎದ್ದಿರುವುದನ್ನು ನೋಡಿದರೆ ಎಲೆಗಿಂತ ಸಿಮೆಂಟಿನ ಬಣ್ಣದ ಅಂಗಿ ಹೊಲಿಸಿಕೊಂಡಿದ್ದರೇ ಚೆನ್ನಾಗಿ ಅಡಗಬಹುದಿತ್ತು. ಹೆಗಲ ಮೇಲೆ ಮೂರುಕಾಲಿನ ಟ್ರೈಪಾಡು, ಅದರ ನೆತ್ತಿಯಲ್ಲಿ ಕಪ್ಪು ಲೋಹದ ಒಂದು ತೋಳು, ಬೆನ್ನ ಚೀಲದಲ್ಲಿ ಲೆನ್ಸು. ಲೆನ್ಸು 600 ಮಿಲಿಮೀಟರಿನದು, ಎಫ್4, ಸೆಕೆಂಡ್ ಹ್ಯಾಂಡ್. ಹೊಸದಕ್ಕೆ ಹತ್ತು ಲಕ್ಷ ದಾಟುತ್ತದೆ ಎಂಬುದನ್ನು ರಾಯರು ಎಲ್ಲರಿಗೂ ಹೇಳುತ್ತಾರೆ, ಹಳೆಯದಕ್ಕೆ ತಾವು ಎಷ್ಟು ಕೊಟ್ಟರೆಂಬುದನ್ನು ಹೆಂಡತಿಗೂ ಹೇಳಿಲ್ಲ. ಲೆನ್ಸಿನ ತೂಕವೇ 5.36 ಕಿಲೋ. ಕ್ಯಾಮೆರಾ, ಟ್ರೈಪಾಡು, ಗಿಂಬಲ್ ಸೇರಿಸಿದರೆ ಹತ್ತರ ಹತ್ತಿರ.

"ಹತ್ತು ಕಿಲೋ ಜ್ವಾಳ ಮ್ಯಾಲ ತಂದು ಇಡ್ರಿ ಅಂದ್ರ ಸೊಂಟ ಹಿಡೀತದ ಅಂತಾರ," ಎಂದು ರಾಯರ ಮನೆಯವರು ನನ್ನ ಹೆಂಡತಿಯ ಹತ್ತಿರ ಹೇಳಿಕೊಳ್ಳುತ್ತಾರೆ. "ಅದನ್ನ ಹೊತ್ಕೊಂಡು ಕೆರಿ ಸುತ್ತಲಿಕ್ಕೆ ಸೊಂಟ ಎಲ್ಲಿಂದ ಬರ್ತದೋ ಗೊತ್ತಿಲ್ಲ." ಆಯಮ್ಮನ ದುಃಖಕ್ಕೆ ಬೇರೆ ಕಾರಣವೂ ಇತ್ತು. ಅವರ ಅಣ್ಣನ ಮಗ ಬೀದರಿನಿಂದ ಬಂದು ಗಚ್ಚಿಬೌಲಿಯಲ್ಲಿ ಕೆಲಸಕ್ಕೆ ಸೇರಿದ್ದ, ಬಾಡಿಗೆ ಮನೆ ಸಿಗದೆ ಇವರ ಹಾಲಿನಲ್ಲೇ ಮಲಗುತ್ತಿದ್ದ. ರಾಯರು ಊರೆಲ್ಲ ತಿರುಗುತ್ತಾರೆ, ಒಂದು ಮನೆ ನೋಡಿಕೊಂಡು ಬರಬಾರದೇ ಎಂಬುದು ಆಯಮ್ಮನ ಪ್ರಶ್ನೆ. ಕಣ್ಣಿಗೆ 600 ಮಿಲಿಮೀಟರು ಕಟ್ಟಿಕೊಂಡವರಿಗೆ ಹತ್ತಿರದ್ದು ಕಾಣುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ.

ಗಿಂಬಲ್ ಎಂದರೇನು ಎಂದು ರಾಯರನ್ನು ಯಾರೂ ಕೇಳಬೇಕಾಗಿಲ್ಲ, ಕೇಳದೆಯೇ ಹೇಳುತ್ತಾರೆ. ಲಿಂಗಂಪಲ್ಲಿ ಸ್ಟೇಷನ್ನಿನ ಎದುರಿನ ಚಹಾದಂಗಡಿಯಲ್ಲಿ, ಎಂಎಂಟಿಎಸ್ ರೈಲು ಹಿಡಿಯಲು ಓಡುತ್ತಿದ್ದವರನ್ನು ನಿಲ್ಲಿಸಿ ಹೇಳಿದ್ದನ್ನು ನೋಡಿದ್ದೇನೆ. "ನೋಡ್ರಿ, ಬಾಲ್ ಹೆಡ್ಡಿನ ಮ್ಯಾಲ ದೊಡ್ಡ ಲೆನ್ಸ್ ಕೂಡಿಸಿದ್ರ ಭಾರ ಎಲ್ಲಾ ಗುಂಡಿನ ನೆತ್ತಿ ಮ್ಯಾಲ ಇರ್ತದ. ತುಸು ಸಡಿಲ ಮಾಡಿದ್ರ ಮೂತಿ ಧಪ್ ಅಂತ ಕೆಳಗ. ಗಿಂಬಲ್‌ನಾಗ ಹಂಗಲ್ಲ. ಲೆನ್ಸ್ ತೊಟ್ಟಿಲಾಗಿನ ಕೂಸಿನಂಗ ಇರ್ತದ. ಅದರ ಭಾರದ ನಟ್ಟನಡುವು ತಿರುಗೋ ಅಚ್ಚಿಗೆ ಬಂದು ಕೂಡ್ತದ. ಆಮ್ಯಾಲ ಎತ್ತೋದಿಲ್ಲ, ಇಳಿಸೋದಿಲ್ಲ, ಬೆರಳ ತಾಗಿಸಿದ್ರ ಸಾಕು." ಅಷ್ಟರಲ್ಲಿ ರೈಲು ಹೋಗಿರುತ್ತದೆ. ಹೋದದ್ದನ್ನು ರಾಯರು ಗಮನಿಸುವುದಿಲ್ಲ. ಅವರು ಈಗ ಇತಿಹಾಸಕ್ಕೆ ಬಂದಿರುತ್ತಾರೆ. ಕ್ರಿಸ್ತಪೂರ್ವದಲ್ಲೇ ಬೈಜಾಂಟಿಯಮ್ಮಿನ ಫಿಲೋ ಎಂಬ ಗ್ರೀಕ, ಹೇಗೆ ತಿರುಗಿಸಿದರೂ ಮಸಿ ಚೆಲ್ಲದ ದೌತಿಯ ಬಗ್ಗೆ ಬರೆದಿದ್ದ. 16ನೆಯ ಶತಮಾನದ ಇಟಲಿಯ ಕಾರ್ಡಾನೋ ಅದೇ ತತ್ತ್ವವನ್ನು ವಿವರಿಸಿದ್ದಕ್ಕೆ ಅವನ ಹೆಸರೇ ಅದಕ್ಕಂಟಿತು. ಹಡಗು ಎಷ್ಟೇ ಹೊಯ್ದಾಡಲಿ, ದಿಕ್ಸೂಚಿ ಮಟ್ಟಸವಾಗಿ ನಿಲ್ಲುತ್ತಿದ್ದುದು ಈ ಬಳೆಯೊಳಗಿನ ಬಳೆಯಿಂದ. 1991ರಲ್ಲಿ ಅಮೆರಿಕದ ವಿಂಬರ್ಲಿ ಎಂಬ ಎಂಜಿನಿಯರ್ ಲೆನ್ಸಿಗೆಂದೇ ಒಂದನ್ನು ಮಾಡಿ ಮಾರಲು ಕಂಪನಿ ಕಟ್ಟಿದ. ರಾಯರದ್ದು ಆ ಅಸಲು ಮಾಲಲ್ಲ, ಅದರ ಮಾದರಿ ನೋಡಿ ಮಾಡಿದ ಅಗ್ಗದ ಮಾಲು. ಆದರೂ ವಿಂಬರ್ಲಿಯ ಹೆಸರು ಹೇಳುವಾಗ ರಾಯರು ಗುರುವಿನ ಹೆಸರು ಬಾಯಿಗೆ ಬಂದವರಂತೆ ಕಿವಿ ಮುಟ್ಟಿಕೊಳ್ಳುತ್ತಾರೆ.

ಕೆರೆಯ ದಂಡೆಯಲ್ಲಿ ಅದನ್ನು ಹೂಡುವ ಕ್ರಮವನ್ನು ನೋಡಬೇಕು. ಸಂಧ್ಯಾವಂದನೆಯನ್ನು ಐದು ನಿಮಿಷದಲ್ಲಿ ಮುಗಿಸುವವರು ಇದಕ್ಕೆ ಅರ್ಧ ಗಂಟೆ ತೆಗೆದುಕೊಳ್ಳುತ್ತಾರೆ. ಮೊದಲು ಮೂರು ಕಾಲು ಊರಿ, ಗಾಜಿನ ಗುಳ್ಳೆ ನಡುವಿಗೆ ಬರುವ ತನಕ ಒಂದೊಂದು ಕಾಲನ್ನೂ ಏರಿಸಿ ಇಳಿಸುವುದು. ತಳ ಓರೆಯಾದರೆ ಲೆನ್ಸು ತಿರುಗಿದಂತೆಲ್ಲ ಕೆರೆಯೂ ಓರೆಯಾಗುತ್ತದೆ. ಆಮೇಲೆ ಲೆನ್ಸಿನ ಪಾದದ ಪಟ್ಟಿಯನ್ನು ಹಿಡಿಕೆಯೊಳಗೆ ತೂರಿಸಿ ಹಿಂದೆ ಮುಂದೆ ಜಾರಿಸುವುದು. ಮೂತಿ ಬಗ್ಗಿದರೆ ಹಿಂದಕ್ಕೆ, ಕ್ಯಾಮೆರಾ ಬಗ್ಗಿದರೆ ಮುಂದಕ್ಕೆ. ಅದು ಸರಿಹೋದ ಬಳಿಕ ಮೇಲೆ ಕೆಳಗೆ. ಎಲ್ಲ ಮುಗಿದ ಮೇಲೆ ತಿರುಪುಗಳನ್ನೆಲ್ಲ ಸಡಿಲಿಸಿ, ಲೆನ್ಸನ್ನು ಆಕಾಶಕ್ಕೆ ತಿರುಗಿಸಿ, ಎರಡೂ ಕೈ ಬಿಟ್ಟು, ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಐದೂವರೆ ಕಿಲೋ ಲೆನ್ಸು ಬಿಟ್ಟಲ್ಲೇ ನಿಂತಿರುತ್ತದೆ. ನಿಂತಿತೇ ಎಂದು ನೋಡಲು ರಾಯರು ಲೆನ್ಸಿನ ಕಡೆ ನೋಡುವುದಿಲ್ಲ, ನಮ್ಮ ಮುಖ ನೋಡುತ್ತಾರೆ.

ಇಲ್ಲೇ ಎಡವಟ್ಟಾಗುವುದು. ಬಾಲ್ ಹೆಡ್ಡಿದ್ದಾಗ ರಾಯರ ಒಂದು ಕೈ ಸದಾ ಲೆನ್ಸಿನ ಕೆಳಗಿರಬೇಕಿತ್ತು, ಇನ್ನೊಂದು ತಿರುಪಿನ ಮೇಲೆ. ಮನಸ್ಸೂ ಅಲ್ಲೇ, ಬಾಯಿಯೂ ಮುಚ್ಚಿರುತ್ತಿತ್ತು. ಗಿಂಬಲ್ ಬಂದು ಎರಡೂ ಕೈ ಬಿಡುವಾದವು. ಬಿಡುವಾದ ಕೈಗಳನ್ನು ಬೀದರಿನ ಮನುಷ್ಯ ಏನು ಮಾಡಬೇಕು? ಮಾತಿಗೆ ಹಚ್ಚಿದರು. ಈಗ ಕ್ಯಾಮೆರಾ ತಾನಾಗಿ ನಿಂತಿರುತ್ತದೆ, ರಾಯರು ಎರಡೂ ಕೈಯಲ್ಲಿ ಗಾಳಿ ಬೀಸುತ್ತ ವಿವರಿಸುತ್ತಿರುತ್ತಾರೆ, ಬೆನ್ನ ಹಿಂದೆ ಮಿಂಚುಳ್ಳಿ ನೀರಿಗೆ ಬಿದ್ದು ಮೀನು ಹಿಡಿದುಕೊಂಡು ಹೋಗಿರುತ್ತದೆ. ವಿಂಬರ್ಲಿ ಭಾರದ ಲೆಕ್ಕವನ್ನೆಲ್ಲ ಹಾಕಿದ, ಈ ಲೆಕ್ಕವನ್ನು ಹಾಕಲಿಲ್ಲ.

ಆದರೂ ನ್ಯಾಯ ಹೇಳಬೇಕು. ಬಣ್ಣದ ಕೊಕ್ಕರೆಯೊಂದು ಕೆರೆಯ ಆ ತುದಿಯಿಂದ ಏಳುತ್ತದೆ ಅನ್ನಿ. ರಾಯರ ಮಾತು ವಾಕ್ಯದ ನಡುವಿನಲ್ಲೇ ನಿಲ್ಲುತ್ತದೆ. ಎಡಗೈಯನ್ನು ಲೆನ್ಸಿನ ಬೆನ್ನಿಗೆ ತಾಗಿಸಿ ಕಣ್ಣಿಟ್ಟರೆಂದರೆ, ಅಷ್ಟು ದೊಡ್ಡ ಕೊಳವೆ ಕೊಕ್ಕರೆಯ ರೆಕ್ಕೆಯ ಜೊತೆಗೇ ತೇಲಿಕೊಂಡು ಬರುತ್ತದೆ. ಒಂದು ಕುಲುಕಿಲ್ಲ, ಒಂದು ಜಗ್ಗಿಲ್ಲ. ಹಕ್ಕಿ ದಾಟಿ ಹೋದ ಮೇಲೆ ವಾಕ್ಯವನ್ನು ಬಿಟ್ಟ ಪದದಿಂದಲೇ ಮುಂದುವರಿಸುತ್ತಾರೆ.

ಬಂದ ಚಿತ್ರಗಳ ವಿಷಯ ಬೇರೆ. ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಮೂಡಿಗೆರೆಯ ತೇಜಸ್ವಿ ಇವರೆಲ್ಲ ಫಿಲ್ಮಿನ ಕಾಲದ ಛಾಯಾಗ್ರಾಹಕರು. ಒಂದು ಸುರುಳಿಗೆ 36 ಚಿತ್ರ, ಫೋಕಸ್ಸೂ ಕೈಯಿಂದಲೇ. ರಾಯರ ಕ್ಯಾಮೆರಾ ಸೆಕೆಂಡಿಗೆ 20 ತೆಗೆಯುತ್ತದೆ, ಅವರ ಇಡೀ ಸುರುಳಿ ಇವರಿಗೆ ಎರಡು ಸೆಕೆಂಡಿಗೂ ಸಾಲದು. ಬೆಳಗಿನೊಳಗೆ ಸಾವಿರಗಟ್ಟಲೆ ಆಗಿರುತ್ತವೆ. ರಾತ್ರಿ ಕುಳಿತು ಅಳಿಸುತ್ತಾರೆ. ಒಂದೇ ಬೆಳ್ಳಕ್ಕಿಯ ಒಂದೇ ಭಂಗಿಯ ನಲವತ್ತರಲ್ಲಿ ಯಾವುದನ್ನು ಉಳಿಸುವುದೆಂದು ತೋಚದೆ ನಲವತ್ತನ್ನೂ ಕಾಲೊನಿಯ ವಾಟ್ಸ್ಆ್ಯಪ್ಪಿಗೆ ಹಾಕುತ್ತಾರೆ. ಚಿತ್ರ ಮಸುಕಾಗಿದ್ದರೆ ಅದಕ್ಕೆ ಗೊತ್ತಾದ ಕಾರಣಗಳಿವೆ: ಗಾಳಿ, ಬಿಸಿಲೇರಿದ ಮೇಲೆ ನೀರಿನ ಮೇಲೆ ನಡುಗುವ ಝಳ, ಇಲ್ಲವೇ ಪಕ್ಕದಲ್ಲಿ ನಿಂತಿದ್ದ ನಾನು. ಝಳದ ಮಾತು ಮಾತ್ರ ನಿಜ. ಹತ್ತು ಗಂಟೆಯ ಮೇಲೆ ದೂರದ ಹಕ್ಕಿಯನ್ನು ಯಾವ ಲೆನ್ಸೂ ಯಾವ ಗಿಂಬಲ್ಲೂ ಉದ್ಧಾರ ಮಾಡಲಾರವು.

ರಾಯರಿಗೆ ಇಬ್ಬರನ್ನು ಕಂಡರೆ ಆಗುವುದಿಲ್ಲ. ಒಬ್ಬರು, ಗಿಂಬಲ್ ಅಂದೊಡನೆ ಮೊಬೈಲು ಸಿಕ್ಕಿಸಿ ರೀಲು ಮಾಡುವ ಕೋಲು ಎಂದು ತಿಳಿಯುವ ಹುಡುಗರು. "ಅಂಕಲ್, ಚಾರ್ಜ್ ಎಷ್ಟು ಹೊತ್ತು ಬರ್ತದೆ?" ಎಂದು ಒಬ್ಬ ಕೇಳಿದ. "ಭೂಮಿ ಜಗ್ಗೋ ತನಕ ಬರ್ತದ," ಎಂದು ರಾಯರು ಉರಿದುಬಿದ್ದರು. ಇನ್ನೊಬ್ಬರು, ಲೆನ್ಸನ್ನು ಕೈಯಲ್ಲೇ ಹಿಡಿದು ಹೊಡೆಯುವ ಹೊಸಬರು. ಕಂಪನಿಗಳು ತೂಕ ಇಳಿಸುತ್ತ ಬಂದಿವೆ. ರಾಯರ ಲೆನ್ಸಿನ ವಂಶದ ಕುಡಿಯೇ ಈಗ 3.09 ಕಿಲೋಕ್ಕೆ ಬಂದು ನಿಂತಿದೆ, ಕೈನಡುಕವನ್ನು ಕ್ಯಾಮೆರಾವೇ ನುಂಗಿಕೊಳ್ಳುತ್ತದೆ. ಕಾಲ ಹೀಗೇ ಹೋದರೆ ಗಿಂಬಲ್ಲಿಗೆ ಗಿರಾಕಿ ಎಲ್ಲಿ? ಆ ಹುಡುಗರು ಹಕ್ಕಿಯ ಹಿಂದೆ ಓಡಾಡಿ ಹೊಡೆದುಕೊಂಡು ಹೋಗುವುದನ್ನು ರಾಯರು ತಮ್ಮ ಮೂರುಕಾಲಿನ ಪಕ್ಕ ನಿಂತು ನೋಡುತ್ತಾರೆ. "ಒಂದು ತಾಸು ಬಿಟ್ಟು ಕೇಳ್ರಿ, ಭುಜ ಏನಂತದ ಅಂತ," ಅನ್ನುತ್ತಾರೆ. ಹಕ್ಕಿ ಗೂಡಿಗೆ ಬರುವುದನ್ನು ಗಂಟೆಗಟ್ಟಲೆ ಕಾಯುವ ಕೆಲಸಕ್ಕೆ ಅವರ ಮಾತು ಸರಿಯೇ. ಹುಡುಗರು ಒಂದು ತಾಸು ಎಲ್ಲಿಯೂ ನಿಲ್ಲುವುದಿಲ್ಲ ಅನ್ನುವುದೊಂದೇ ತೊಡಕು.

ಉಳಿದ ಜನಕ್ಕೆ ಗಿಂಬಲ್ಲೂ ಗೊತ್ತಿಲ್ಲ, ಲೆನ್ಸೂ ಗೊತ್ತಿಲ್ಲ. ಮೂರುಕಾಲು ಗೊತ್ತು. ಈ ಭಾಗದಲ್ಲಿ ಮೂರುಕಾಲು ಎಂದರೆ ಸರ್ವೇ. ಅಮೀನ್‌ಪುರ ಕೆರೆಗೆ 2016ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣದ ಪಟ್ಟ ಸಿಕ್ಕಿತು, ನಗರದ ಕೆರೆಯೊಂದಕ್ಕೆ ಆ ಮಾನ ದೇಶದಲ್ಲೇ ಮೊದಲು. ಪಟ್ಟ ಹಕ್ಕಿಗೆ ಸಿಕ್ಕಿತು, ದಂಡೆಯ ಬೆಲೆ ಪ್ಲಾಟಿನವರಿಗೆ ಸಿಕ್ಕಿತು. 2024ರಲ್ಲಿ ಕೆರೆ ಒತ್ತುವರಿ ಕೆಡವಲು ಹೈಡ್ರಾ ಹುಟ್ಟಿದ ಮೇಲಂತೂ, ಕೆರೆ ತುಂಬಿದಾಗ ನೀರು ಮುಟ್ಟುವ ಗಡಿಯಾದ ಎಫ್‌ಟಿಎಲ್ ಇಡ್ಲಿ ಬಂಡಿಯ ಹತ್ತಿರದ ಮಾತಾಯಿತು. ಅಂಥ ದಿನಗಳಲ್ಲಿ ನಮ್ಮ ರಾಯರು ಟೋಪಿ ಹಾಕಿಕೊಂಡು, ದಂಡೆಯಲ್ಲಿ ಮೂರುಕಾಲು ಹೂಡಿ, ಗಾಜಿನ ಗುಳ್ಳೆ ಸರಿ ಮಾಡುತ್ತ, ಒಂದು ಕಣ್ಣು ಮುಚ್ಚಿ ಆಚೆ ದಡವನ್ನು ನೋಡುತ್ತ ನಿಂತರೆ ಏನಾಗಬೇಕು? ಪ್ಲಾಟು ಮಾರುವವನೊಬ್ಬ ಸ್ಕೂಟರು ಬಿಟ್ಟು ಓಡಿ ಬಂದ. "ಸಾರ್, ಲೈನ್ ಯಾಡಿದಾಂಕ ಒಸ್ತದಿ?" ಗಡಿ ಎಲ್ಲಿಯ ತನಕ ಬರುತ್ತದೆ ಎಂದು ಕೇಳುವಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. "ಲೈನು ಕಾದು ಬಾಬು, ಬರ್ಡು," ಎಂದರು ರಾಯರು ತಮ್ಮ ಬೀದರಿ ತೆಲುಗಿನಲ್ಲಿ. ಗಡಿಯಲ್ಲ, ಹಕ್ಕಿ. ಅವನು ನಂಬಲಿಲ್ಲ. ಕ್ಯಾಮೆರಾದ ಬೆನ್ನಿನ ಪರದೆಯಲ್ಲಿ ನಲವತ್ತು ಬೆಳ್ಳಕ್ಕಿಗಳನ್ನು ತೋರಿಸಿದ ಮೇಲೆ ನಂಬಿದ. ನಂಬಿದವನು ನಮ್ಮಿಬ್ಬರಿಗೂ ಚಹಾ ಕುಡಿಸಿದ. ಬೆಳ್ಳಕ್ಕಿ ಫೋಟೋ ನೋಡಿ ಯಾರಾದರೂ ಇಷ್ಟು ಸಂತೋಷಪಟ್ಟಿದ್ದನ್ನು ರಾಯರು ಅದೇ ಮೊದಲು ಕಂಡಿದ್ದು. ಅಂದಿನಿಂದ ಅವನು ಸ್ನೇಹಿತನಾದ.

ದಸರೆಯ ದಿನ ರಾಯರ ಮಾನ ಕಾಲೊನಿಯಲ್ಲಿ ನಿಜವಾಗಿ ಏರುತ್ತದೆ. ತೆಲಂಗಾಣದವರಿಗೆ ಆ ದಿನ ಪಾಲಪಿಟ್ಟ ಕಾಣಲೇಬೇಕು, ಕಂಡರೆ ಶುಭ. ಅದು ನಮ್ಮ ನೀಲಕಂಠವೇ. ಎರಡು ರಾಜ್ಯಗಳೂ ಒಂದೇ ಹಕ್ಕಿಯನ್ನು ರಾಜ್ಯಪಕ್ಷಿ ಮಾಡಿಕೊಂಡಿವೆ, ಆದ್ದರಿಂದ ಯಾವ ಕಡೆಯಿಂದ ನೋಡಿದರೂ ಹಕ್ಕಿ ತಮ್ಮದೇ ಎಂದು ರಾಯರಿಗೆ ಹೆಮ್ಮೆ. ಬೆಳಿಗ್ಗೆಯೇ ಹೋಗಿ ಕರೆಂಟಿನ ತಂತಿಯ ಮೇಲೊಂದನ್ನು ಹುಡುಕಿ, ಗಿಂಬಲ್ಲಿಗೆ ಲೆನ್ಸು ಹೂಡಿ, ಹಕ್ಕಿಯನ್ನು ಚೌಕಟ್ಟಿನಲ್ಲಿಟ್ಟು ಫೋನು ಮಾಡುತ್ತಾರೆ. ರೇಷ್ಮೆ ಸೀರೆಯ ಹೆಂಗಸರು, ಅಜ್ಜಿಯರು, ಮಕ್ಕಳು ಸಾಲಾಗಿ ಬಂದು ಕಣ್ಣಿಟ್ಟು ಕೈಮುಗಿಯುತ್ತಾರೆ. ಹಕ್ಕಿ ಬರಿಗಣ್ಣಿಗೂ ಕಾಣುವಷ್ಟು ಹತ್ತಿರವಿರುತ್ತದೆ. ಆದರೆ ಗರ್ಭಗುಡಿಗೆ ಇಣುಕಿದ ಹಾಗೆ ಇಣುಕಿದರೇ ಪುಣ್ಯ ಎಂದು ಅಜ್ಜಿಯರ ಅಭಿಪ್ರಾಯ. ಒಬ್ಬರು ಲೆನ್ಸಿಗೆ ಕುಂಕುಮ ಹಚ್ಚಲು ಬಂದಾಗ ಮಾತ್ರ ರಾಯರು ಅಡ್ಡ ನಿಂತರು.

ಕಳೆದ ಚಳಿಗಾಲದಲ್ಲಿ ಅಮೀನ್‌ಪುರಕ್ಕೆ ರಾಜಹಂಸಗಳು ಬಂದಿವೆ ಎಂಬ ಸುದ್ದಿ ಹಬ್ಬಿ, ರಾಯರ ಮನೆಯವರೂ ಉಪ್ಪಿಟ್ಟಿನ ಡಬ್ಬಿ ಹಿಡಿದು ಬಂದರು. ಬಿಸಿಲು ಇನ್ನೂ ಏರಿರಲಿಲ್ಲ. ಲೆನ್ಸಿನ ಹಿಂದೆ ಸಾಲು ಬೆಳೆಯಿತು. ಪ್ಲಾಟಿನ ಸ್ನೇಹಿತನ ಸರದಿ ಬಂದಾಗ ಅವನು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಹಕ್ಕಿಯ ಮೇಲೆ ಇಷ್ಟು ಪ್ರೀತಿ ಬಂತೇ ಎಂದುಕೊಂಡೆವು. ಅವನು ಲೆನ್ಸನ್ನು ಬೆರಳಿಂದ ಮೇಲಕ್ಕೆ ತಳ್ಳಿ ರಾಜಹಂಸಗಳನ್ನು ದಾಟಿ ಹೋಗಿದ್ದ. "ಮೂರನೇ ಫ್ಲೋರು ಸಾರ್, ಟು-ಲೆಟ್ ಬೋರ್ಡು. ಫೋನ್ ನಂಬರ್ ಕೂಡ ಕಾಣ್ತದೆ!"

ರಾಯರ ಮನೆಯವರು ಉಪ್ಪಿಟ್ಟಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಎಲ್ಲರನ್ನೂ ಸರಿಸಿ ಕಣ್ಣಿಟ್ಟರು. "ಏನ್ರೀ, ಕಡೀ ನಂಬರ್ ಆರು ಏನು ಎಂಟು?"

ರಾಯರು ಒಂದು ಮಾತೂ ಆಡದೆ ಬಂದು ನಿಂತರು. ಎಡಗೈ ಲೆನ್ಸಿನ ಬೆನ್ನಿಗೆ ತಾಗಿತು, ಕ್ಯಾಮೆರಾ ಒಂದು ಸೆಕೆಂಡು ಟರ್ ಎಂದಿತು. ಪರದೆಯಲ್ಲಿ ಹಿಗ್ಗಿಸಿ ತೋರಿಸಿದರು. "ಎಂಟು. ನೋಡು, ಹೆಂಗ ಶಾರ್ಪ್ ಬಂದದ."

ಬೀದರಿನಿಂದ ಬಂದ ಹುಡುಗ ಈಗ ಆ ಮನೆಯಲ್ಲೇ ಇದ್ದಾನೆ. ಪ್ಲಾಟಿನವನು ಅರ್ಧ ತಿಂಗಳ ಬಾಡಿಗೆ ಕಮಿಷನ್ ಕೇಳಿದ. ಲೆನ್ಸು ತಮ್ಮದು, ಗಿಂಬಲ್ಲೂ ತಮ್ಮದು ಎಂದು ರಾಯರು ಅದರಲ್ಲಿ ಪಾಲು ಕೇಳಿದ್ದಾರೆ. ಮಾತುಕತೆ ಇನ್ನೂ ಕೆರೆಯ ದಂಡೆಯಲ್ಲಿ ನಡೆಯುತ್ತಿದೆ.